ರೈಲ್‌ಕಾರ್ಡ್‌ಗೆ ಒಂದು ಗಡಿಯಾರ, ಟಿಕೆಟ್‌ಗೆ ಇನ್ನೊಂದು: ಬ್ರಿಟನ್ನಿನ ರೈಲಿನಲ್ಲಿ ರಿಯಾಯಿತಿ ಬಳಸುವ ಬಗೆ

ಅಕ್ಟೋಬರ್‌ನ ಒಂದು ಮಂಗಳವಾರ, ಬೆಳಿಗ್ಗೆ 9:40ರ ರೈಲು. ನಿಮ್ಮ ಊರಿನಲ್ಲಿ ಆಫ್-ಪೀಕ್ (ಜನಸಂದಣಿ ಇಲ್ಲದ, ದರ ಅಗ್ಗದ ಹೊತ್ತು) ಶುರುವಾಗುವುದು 9:30ಕ್ಕೆ. ಆಫ್-ಪೀಕ್ ಟಿಕೆಟ್‌ನ ಪೂರ್ತಿ ದರ 9 ಪೌಂಡ್. ಕೈಯಲ್ಲಿ 16-25 ರೈಲ್‌ಕಾರ್ಡ್ ಇದೆ, ಅಂದರೆ ದುಡ್ಡು ಕೊಟ್ಟು ಕೊಂಡು ವರ್ಷವಿಡೀ ಟಿಕೆಟ್ ಮೇಲೆ ರಿಯಾಯಿತಿ ಪಡೆಯುವ ಕಾರ್ಡ್. ಮೂರನೇ ಒಂದು ಭಾಗ ಕಡಿತ, ಅಂದರೆ 6 ಪೌಂಡ್ ಕೊಟ್ಟರೆ ಸಾಕು, ಅಲ್ವಾ?

ಸಾಲದು. ಆ ರೈಲಿಗೆ ಪೂರ್ತಿ 9 ಪೌಂಡ್ ಕೊಡಬೇಕು. ಟಿಕೆಟ್‌ನ ಲೆಕ್ಕದಲ್ಲಿ ಪೀಕ್ ಮುಗಿದಿದೆ. ಕಾರ್ಡಿನ ಲೆಕ್ಕದಲ್ಲಿ ಇನ್ನೂ ಇಪ್ಪತ್ತು ನಿಮಿಷ ಬಾಕಿ ಇದೆ. ಎರಡೂ ಬೇರೆ ಬೇರೆ ಗಡಿಯಾರ ನೋಡುತ್ತವೆ. ಈ ಒಂದು ಮಾತು ತಲೆಯಲ್ಲಿದ್ದರೆ ಉಳಿದದ್ದೆಲ್ಲ ಸುಲಭ.

ಓದಲು ಬಂದವರು, ಕೆಲಸಕ್ಕೆ ಬಂದವರು, ಮಕ್ಕಳನ್ನು ನೋಡಲು ಬಂದ ಅಪ್ಪ ಅಮ್ಮ, ಎಲ್ಲರಿಗೂ ಉಪಯೋಗವಾಗಲಿ ಅಂತ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಟಿಕೆಟ್ ಯಾವ ಜಾತಿಯದ್ದು ನೋಡಿ

ಮುಖ್ಯವಾಗಿ ಮೂರು ಬಗೆ. ಅಡ್ವಾನ್ಸ್ ಟಿಕೆಟ್‌ಗೆ ಹೇಳಿದ ರೈಲು ಒಂದೇ. ಅದು ತಪ್ಪಿದರೆ ಟಿಕೆಟ್ ಹೋಯಿತು. ಎನಿಟೈಮ್ ಟಿಕೆಟ್‌ಗೆ ಯಾವ ಹೊತ್ತಿನ ರೈಲೂ ಆಗುತ್ತದೆ, ಬೆಲೆ ಜಾಸ್ತಿ. ಆಫ್-ಪೀಕ್ ಇವೆರಡರ ನಡುವಿನದ್ದು. ಜನಸಂದಣಿಯ ಹೊತ್ತು ಬಿಟ್ಟು ಉಳಿದ ಯಾವ ರೈಲಿಗಾದರೂ ಹತ್ತಬಹುದು. ಕೆಲವು ಮಾರ್ಗಗಳಲ್ಲಿ ಇನ್ನೂ ಅಗ್ಗದ ಸೂಪರ್ ಆಫ್-ಪೀಕ್ ಕೂಡ ಇರುತ್ತದೆ. ಅದಕ್ಕೆ ಹೊತ್ತಿನ ಕಟ್ಟು ಇನ್ನೂ ಬಿಗಿ.

ಬೆಂಗಳೂರಿನವರಿಗೆ ಈ ಲೆಕ್ಕ ಹೊಸದಲ್ಲ. 2025ರ ಫೆಬ್ರುವರಿಯಲ್ಲಿ ನಮ್ಮ ಮೆಟ್ರೋ ದರ ಏರಿಸಿದಾಗ ಸ್ಮಾರ್ಟ್ ಕಾರ್ಡ್‌ನವರಿಗೆ ಶೇ. 5 ರಿಯಾಯಿತಿ ಉಳಿಸಿ, ಜನ ಕಡಿಮೆ ಇರುವ ಹೊತ್ತಿಗೆ ಇನ್ನೊಂದು ಶೇ. 5 ಸೇರಿಸಿತು. ಅಲ್ಲಿ ಹೊತ್ತು ಯಾವುದು ಅಂತ ಇಡೀ ಮೆಟ್ರೋಗೆ ಒಂದೇ ನಿಯಮ. ಬ್ರಿಟನ್ನಿನಲ್ಲಿ ಆ ಸುಖ ಇಲ್ಲ. ಆಫ್-ಪೀಕ್ ಎಷ್ಟು ಗಂಟೆಗೆ ಶುರು ಎಂಬುದು ಮಾರ್ಗಕ್ಕೊಂದು, ಕೆಲವೊಮ್ಮೆ ಅದೇ ಮಾರ್ಗದ ಸ್ಟೇಷನ್‌ಗೊಂದು.

ಒಂದು ಸಂಗತಿ ಮರೆಯಬೇಡಿ. ರೈಲು ತುಂಬಿ ತುಳುಕುತ್ತಿದ್ದ ಮಾತ್ರಕ್ಕೆ ಅದು ಪೀಕ್ ಅಲ್ಲ. ಶನಿವಾರ ಮಧ್ಯಾಹ್ನ ನಿಲ್ಲಲೂ ಜಾಗವಿಲ್ಲದ ರೈಲಿಗೂ ಸಾಮಾನ್ಯವಾಗಿ ಆಫ್-ಪೀಕ್ ಟಿಕೆಟ್ ನಡೆಯುತ್ತದೆ. ಶನಿವಾರ, ಭಾನುವಾರ, ಬ್ಯಾಂಕ್ ಹಾಲಿಡೇ (ಸಾರ್ವಜನಿಕ ರಜೆ) ದಿನಗಳಲ್ಲಿ ಹೊತ್ತಿನ ತಲೆನೋವು ಬಹುತೇಕ ಇರುವುದಿಲ್ಲ. ಆದರೆ ಆಫ್-ಪೀಕ್ ಟಿಕೆಟ್ ಇದೆ ಅಂದರೆ ಸೀಟು ಇದೆ ಅಂತಲ್ಲ. ದೂರದ ರೈಲುಗಳಲ್ಲಿ ಸೀಟನ್ನು ಪುಕ್ಕಟೆಯಾಗಿ ಕಾಯ್ದಿರಿಸಲು ಆಗುತ್ತದೆ. ಹಬ್ಬ ರಜೆಯ ಮುಂಚಿನ ದಿನ ಹೋಗುವವರು ಅದನ್ನು ಮಾಡಿಕೊಳ್ಳಲೇಬೇಕು.

ಹಂತ 2: ನಿಮ್ಮ ಕಾರ್ಡಿನ ಗಡಿಯಾರ ತಿಳಿದುಕೊಳ್ಳಿ

ಹೆಚ್ಚಿನ ರೈಲ್‌ಕಾರ್ಡ್‌ಗಳ ಬೆಲೆ 2025ರ ಮಾರ್ಚ್‌ನಿಂದ ವರ್ಷಕ್ಕೆ 35 ಪೌಂಡ್. ಅದಕ್ಕೆ ಮುಂಚೆ 30 ಇತ್ತು. ರಿಯಾಯಿತಿ ಮೂರನೇ ಒಂದು ಭಾಗ. ಹಾಗಾಗಿ ವರ್ಷದಲ್ಲಿ 105 ಪೌಂಡಿಗಿಂತ ಹೆಚ್ಚಿನ ಟಿಕೆಟ್ ಕೊಳ್ಳುವವರಿಗೆ ಕಾರ್ಡಿನ ದುಡ್ಡು ವಾಪಸ್ ಬಂದ ಹಾಗೆ. ಲಂಡನ್‌ನಿಂದ ಎಡಿನ್‌ಬರಾಗೆ ಒಂದು ಸಲ ಹೋಗಿ ಬಂದರೇ ಎಷ್ಟೋ ಸಲ ಅದು ದಾಟಿರುತ್ತದೆ.

ಈಗ ಒಂದೊಂದು ಕಾರ್ಡಿನ ಹೊತ್ತು.

16-25 ರೈಲ್‌ಕಾರ್ಡ್ ಯಾವ ಹೊತ್ತಿನಲ್ಲೂ ನಡೆಯುತ್ತದೆ. ಆದರೆ ಸೋಮವಾರದಿಂದ ಶುಕ್ರವಾರ, ಬೆಳಗಿನ 4:30ರಿಂದ 10ರ ನಡುವೆ ಕನಿಷ್ಠ ದರ 12 ಪೌಂಡ್ (ಇದರ ಲೆಕ್ಕ ಹಂತ 3ರಲ್ಲಿದೆ). ಜುಲೈ, ಆಗಸ್ಟ್ ತಿಂಗಳಲ್ಲಿ ಮತ್ತು ಸಾರ್ವಜನಿಕ ರಜೆಗಳಂದು ಈ ಕನಿಷ್ಠ ದರ ಇಲ್ಲ. ಹೆಸರು ನೋಡಿ ಮೋಸ ಹೋಗಬೇಡಿ: 26 ದಾಟಿದರೂ ಮಾನ್ಯತೆ ಇರುವ ಸಂಸ್ಥೆಯಲ್ಲಿ ಪೂರ್ಣಾವಧಿ ಓದುತ್ತಿದ್ದರೆ ಈ ಕಾರ್ಡ್ ಸಿಗುತ್ತದೆ. ಮಾಸ್ಟರ್ಸ್‌ಗೆ ಬಂದ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

26-30 ಕಾರ್ಡಿಗೂ ಅದೇ 12 ಪೌಂಡ್, ಅದೇ ಹೊತ್ತು. ಆದರೆ ಜುಲೈ-ಆಗಸ್ಟ್‌ನ ಸಡಿಲಿಕೆ ಇದಕ್ಕಿಲ್ಲ. ವಿದ್ಯಾರ್ಥಿಯಾಗಿದ್ದಾಗಿನ ಅಭ್ಯಾಸದಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಹೊರಟವರು ಇಲ್ಲಿ ಎಡವುತ್ತಾರೆ.

ಟೂ ಟುಗೆದರ್ ಇಬ್ಬರಿಗೆ ಸೇರಿ ಒಂದೇ ಕಾರ್ಡ್. ಗಂಡ ಹೆಂಡತಿಯೇ ಆಗಬೇಕಿಲ್ಲ, ರೂಮ್‌ಮೇಟ್‌ಗಳೂ ಆಗಬಹುದು. ಕಾರ್ಡ್ ಮೇಲೆ ಇಬ್ಬರ ಹೆಸರು, ಇಬ್ಬರ ಫೋಟೋ. ವಾರದ ದಿನಗಳಲ್ಲಿ ಬೆಳಿಗ್ಗೆ 9:30ಕ್ಕಿಂತ ಮುಂಚೆ ನಡೆಯುವುದೇ ಇಲ್ಲ. ಇನ್ನೊಂದು, ಇಬ್ಬರೂ ಜೊತೆಗೇ ಪ್ರಯಾಣ ಮಾಡಬೇಕು. ಒಬ್ಬರಿಗೆ ಜ್ವರ ಬಂದು ಮನೆಯಲ್ಲೇ ಉಳಿದರೆ ಇನ್ನೊಬ್ಬರ ರಿಯಾಯಿತಿ ಟಿಕೆಟ್ ಕೂಡ ನಡೆಯುವುದಿಲ್ಲ.

ನೆಟ್‌ವರ್ಕ್ ರೈಲ್‌ಕಾರ್ಡ್ ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿಗೆ ಮಾತ್ರ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಬ್ರೈಟನ್, ಸೌತಾಂಪ್ಟನ್ ಇದರೊಳಗೆ ಬರುತ್ತವೆ. ವಯಸ್ಸಿನ ಮಿತಿ ಇಲ್ಲ ಎಂಬುದೇ ಇದರ ದೊಡ್ಡ ಗುಣ, ಮೂವತ್ತು ದಾಟಿದವರಿಗೆ ಒಳ್ಳೆಯ ಆಸರೆ. ವಾರದ ದಿನಗಳಲ್ಲಿ ಬೆಳಿಗ್ಗೆ 10ರ ನಂತರ ಮಾತ್ರ, ಮತ್ತು ಆ ದಿನಗಳಲ್ಲಿ ಹೊತ್ತು ಯಾವುದೇ ಇರಲಿ, ಕನಿಷ್ಠ ದರ 13 ಪೌಂಡ್. ಕಾರ್ಡ್ ನಿಮ್ಮದಾದರೂ ಜೊತೆಗೆ ಬರುವ ಇನ್ನು ಮೂವರು ದೊಡ್ಡವರಿಗೂ ರಿಯಾಯಿತಿ ಸಿಗುತ್ತದೆ.

ಫ್ಯಾಮಿಲಿ ಅಂಡ್ ಫ್ರೆಂಡ್ಸ್‌ನಲ್ಲಿ ನಾಲ್ಕು ದೊಡ್ಡವರಿಗೆ ಮೂರನೇ ಒಂದು ಭಾಗ, 5ರಿಂದ 15 ವರ್ಷದ ನಾಲ್ಕು ಮಕ್ಕಳಿಗೆ ಶೇ. 60 ಕಡಿತ. ಜೊತೆಗೆ ಒಂದು ಮಗುವಾದರೂ ಇರಲೇಬೇಕು. ಐದರೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಆದರೂ ಪುಟ್ಟ ಮಗು ಮಾತ್ರ ಇರುವ ಮನೆಯವರು ಆ ಮಗುವಿಗೂ ಒಂದು ಟಿಕೆಟ್ ಕೊಂಡರೆ ದೊಡ್ಡವರಿಗೆ ರಿಯಾಯಿತಿ ಸಿಗುತ್ತದೆ. ಇದು ನಿಯಮದೊಳಗಿನ ದಾರಿಯೇ, ಸಂಕೋಚ ಬೇಡ. ಲಂಡನ್ ಮತ್ತು ಆಗ್ನೇಯದ ಒಳಗಷ್ಟೇ ಓಡಾಡುವಾಗ ವಾರದ ದಿನದ ಬೆಳಗಿನ ಪೀಕ್‌ನಲ್ಲಿ ಈ ಕಾರ್ಡ್ ನಡೆಯುವುದಿಲ್ಲ.

60 ದಾಟಿದವರ ಸೀನಿಯರ್ ರೈಲ್‌ಕಾರ್ಡ್‌ಗೂ ಅದೇ ಕಟ್ಟು. ರೆಡಿಂಗ್‌ನಿಂದ ಆಕ್ಸ್‌ಫರ್ಡ್‌ಗೆ ಬೆಳಿಗ್ಗೆ 8ಕ್ಕೆ ಹೊರಟರೆ ಕಾರ್ಡ್ ಉಪಯೋಗವಿಲ್ಲ. ಅದೇ 8 ಗಂಟೆಗೆ ಲಂಡನ್‌ನಿಂದ ಮ್ಯಾಂಚೆಸ್ಟರ್‌ಗೆ ಹೊರಟರೆ ಕಾರ್ಡ್ ನಡೆಯುತ್ತದೆ, ಯಾಕಂದರೆ ಪ್ರಯಾಣ ಆ ಪ್ರದೇಶ ದಾಟಿ ಹೋಗುತ್ತದೆ. ಆದರೆ ಆ ಹೊತ್ತಿಗೆ ನಡೆಯುವ ಟಿಕೆಟ್ಟನ್ನೇ ಕೊಂಡಿರಬೇಕು. ಇಲ್ಲಿ ಮತ್ತೆ ಎರಡು ಗಡಿಯಾರ.

ಅಂಗವೈಕಲ್ಯ ಇರುವವರ ಕಾರ್ಡಿಗೆ ಹೊತ್ತಿನ ಕಟ್ಟು ಇಲ್ಲ, ಕನಿಷ್ಠ ದರವೂ ಇಲ್ಲ. ಬೆಲೆ 20 ಪೌಂಡ್, ಜೊತೆಗೆ ಬರುವ ಒಬ್ಬ ದೊಡ್ಡವರಿಗೂ ರಿಯಾಯಿತಿ. 16-17 ವಯಸ್ಸಿನವರ ಸೇವರ್ ಕಾರ್ಡ್ ಅರ್ಧ ದರ ಮಾಡುತ್ತದೆ, ಪೀಕ್‌ನಲ್ಲೂ. ಮನೆಯಲ್ಲಿ ಆ ವಯಸ್ಸಿನ ಮಕ್ಕಳಿದ್ದರೆ ಬೇರೆ ಯೋಚನೆ ಮಾಡದೆ ಅದನ್ನೇ ಕೊಡಿಸಿ.

ಮೇಲಿನ ಪಟ್ಟಿ ಇನ್ನೊಮ್ಮೆ ನೋಡಿದರೆ ಒಂದು ವಿಷಯ ಕಾಣುತ್ತದೆ. ಕಾರ್ಡಿನ ಹೊತ್ತಿನ ಕಟ್ಟೆಲ್ಲ ಬೆಳಿಗ್ಗೆಗೆ ಸೇರಿದ್ದು. ಸಂಜೆ ಐದೂವರೆಗೆ ಕಾರ್ಡ್ ನಿಮ್ಮನ್ನು ತಡೆಯುವುದಿಲ್ಲ. ಸಂಜೆ ಅಡ್ಡ ಬಂದರೆ ಅದು ಟಿಕೆಟ್‌ನಿಂದ. ಸಂಜೆಯ ಪೀಕ್ ರೈಲಿಗೆ ಆಫ್-ಪೀಕ್ ಟಿಕೆಟ್ ನಡೆಯದಿದ್ದರೆ, ಎನಿಟೈಮ್ ಟಿಕೆಟ್ಟನ್ನೇ ಕಾರ್ಡ್ ಹಾಕಿ ಮೂರನೇ ಒಂದು ಭಾಗ ಕಡಿಮೆಗೆ ಕೊಳ್ಳಬಹುದು. ರೈಲ್‌ಕಾರ್ಡ್ ಇರುವುದೇ ಆಫ್-ಪೀಕ್‌ಗೆ ಅಂತ ತಿಳಿದು ಪೂರ್ತಿ ದರ ಕೊಡುವವರು ಬಹಳ ಜನ.

ಹಂತ 3: 12 ಪೌಂಡಿನ ಲೆಕ್ಕ ಹಾಕಿ

ಕನಿಷ್ಠ ದರ 12 ಅಂದರೆ ರಿಯಾಯಿತಿ ಕಳೆದ ಮೇಲೂ ಟಿಕೆಟ್ 12 ಪೌಂಡಿಗಿಂತ ಕೆಳಗೆ ಇಳಿಯುವುದಿಲ್ಲ ಅಂತ. ಪೂರ್ತಿ ದರ 30 ಇದ್ದರೆ ನೀವು ಕೊಡುವುದು ಸುಮಾರು 20. ನಿಯಮ ನಿಮ್ಮ ತಂಟೆಗೆ ಬರುವುದಿಲ್ಲ. ಪೂರ್ತಿ ದರ 15 ಇದ್ದರೆ 10 ಆಗಬೇಕಿತ್ತು, ಆದರೆ 12 ಕೊಡಬೇಕು. ಪೂರ್ತಿ ದರವೇ 12ಕ್ಕಿಂತ ಕಡಿಮೆ ಇದ್ದರೆ ಕಾರ್ಡ್ ಹಾಕದೆ ಸಾಮಾನ್ಯ ಟಿಕೆಟ್ ಕೊಳ್ಳಿ. ಸುಮಾರು 18 ಪೌಂಡ್ ದಾಟಿದ ಟಿಕೆಟ್‌ಗೆ ಬೆಳಿಗ್ಗೆಯೂ ಪೂರ್ತಿ ರಿಯಾಯಿತಿ ಸಿಗುತ್ತದೆ ಅಂತ ನೆನಪಿಟ್ಟುಕೊಂಡರೆ ಸಾಕು.

ಅಡ್ವಾನ್ಸ್ ಟಿಕೆಟ್‌ಗೆ ಈ ಕನಿಷ್ಠ ದರ ಅನ್ವಯಿಸುವುದಿಲ್ಲ. ಬೆಳಿಗ್ಗೆ 8ರ ರೈಲಿಗೆ 9 ಪೌಂಡಿನ ಅಡ್ವಾನ್ಸ್ ಸಿಕ್ಕರೆ ಕಾರ್ಡ್ ಹಾಕಿ 6ಕ್ಕೆ ಕೊಳ್ಳಬಹುದು. ಬೆಳಗಿನ ಸಣ್ಣ ಪ್ರಯಾಣಕ್ಕೆ ಮೊದಲು ಹುಡುಕಬೇಕಾದ್ದು ಇದನ್ನೇ.

ಇನ್ನು ಟಿಕೆಟ್ ತುಂಡು ಮಾಡುವ ಉಪಾಯ. ಒಂದೇ ಪ್ರಯಾಣವನ್ನು ಎರಡು ಮೂರು ಟಿಕೆಟ್ ಮಾಡಿ ಕೊಳ್ಳುವುದು ನಿಯಮದಲ್ಲಿ ಇದೆ. ತುಂಡಾಗುವ ಸ್ಟೇಷನ್‌ನಲ್ಲಿ ರೈಲು ನಿಂತರೆ ಆಯಿತು, ನೀವು ಇಳಿಯಬೇಕಾಗಿಲ್ಲ. ಸಾಮಾನ್ಯವಾಗಿ ಇದು ಲಾಭವೇ. ಆದರೆ ಬೆಳಗಿನ ಹೊತ್ತು 16-25 ಕಾರ್ಡ್ ಇದ್ದಾಗ ಲೆಕ್ಕ ತಿರುಗಿಬಿಡಬಹುದು. ಒಂದೇ ಟಿಕೆಟ್ 45 ಪೌಂಡ್ ಅಂತಿಟ್ಟುಕೊಳ್ಳಿ, ಮೂರು ತುಂಡು ಮಾಡಿದರೆ ತಲಾ 14, ಒಟ್ಟು 42. ತುಂಡೇ ಅಗ್ಗ ಅನ್ನಿಸುತ್ತದೆ. ಈಗ ಕಾರ್ಡ್ ಹಾಕಿ. ಒಂದೇ ಟಿಕೆಟ್ ಸುಮಾರು 30ಕ್ಕೆ ಇಳಿಯುತ್ತದೆ. ಮೂರೂ ತುಂಡು 10 ಗಂಟೆಯೊಳಗೆ ಶುರುವಾಗುವುದಾದರೆ ಒಂದೊಂದೂ 12ಕ್ಕೆ ನಿಂತು, ಒಟ್ಟು 36 ಆಗುತ್ತದೆ. 6 ಪೌಂಡ್ ಸುಮ್ನೆ ಹೋಯಿತು. ಹತ್ತರ ನಂತರದ ರೈಲಾದರೆ ಈ ಭಯ ಇಲ್ಲ.

ತುಂಡು ಮಾಡುವುದು ನಿಜವಾಗಿ ಕೆಲಸಕ್ಕೆ ಬರುವ ಒಂದು ಸಂದರ್ಭ ಇದೆ. ಪೀಕ್‌ನಲ್ಲಿ ಹೊರಟ ರೈಲು, ದಾರಿಯ ಒಂದು ಸ್ಟೇಷನ್ ಬಿಡುವ ಹೊತ್ತಿಗೆ ಆಫ್-ಪೀಕ್ ಶುರುವಾಗಿರುತ್ತದೆ. ಅಲ್ಲಿವರೆಗೆ ಎನಿಟೈಮ್, ಅಲ್ಲಿಂದ ಮುಂದಕ್ಕೆ ಆಫ್-ಪೀಕ್ ಕೊಂಡರೆ ಉದ್ದ ಪ್ರಯಾಣದಲ್ಲಿ ದೊಡ್ಡ ಮೊತ್ತ ಉಳಿಯಬಹುದು.

ಹಂತ 4: ಆ್ಯಪ್‌ನಲ್ಲಿ ಹತ್ತುವ ರೈಲನ್ನೇ ಆರಿಸಿ

ಹೆಚ್ಚಿನ ತೊಂದರೆ ಹುಟ್ಟುವುದು ಇಲ್ಲಿ. ಆ್ಯಪ್ ದರ ಹೇಳುವುದು ನೀವು ಹುಡುಕಿದ ರೈಲಿನ ಹೊತ್ತು ನೋಡಿ. 10:30ರ ರೈಲು ಹುಡುಕಿದರೆ ರಿಯಾಯಿತಿಯ ದರ ತೋರಿಸುತ್ತದೆ. ಟಿಕೆಟ್ ಮೇಲೆ 'ಎನಿಟೈಮ್' ಅಂತ ಬರೆದಿರುತ್ತದೆ. ಅದನ್ನು ನಂಬಿ 8:15ರ ರೈಲಿಗೆ ಹತ್ತಿದರೆ ಟಿಕೆಟ್ ಆ ಹೊತ್ತಿಗೂ ನಡೆಯುವಂಥದ್ದೇ, ಆದರೆ ಕಾರ್ಡಿನ ಕನಿಷ್ಠ ದರದ ಲೆಕ್ಕದಲ್ಲಿ ಕೊಟ್ಟ ದುಡ್ಡು ಕಮ್ಮಿ.

2024ರಲ್ಲಿ ಉತ್ತರ ಇಂಗ್ಲೆಂಡಿನ ಒಬ್ಬ ಯುವಕನ ಕಥೆ ಇದೇ ಕಾರಣಕ್ಕೆ ಇಡೀ ದೇಶದ ಸುದ್ದಿಯಾಯಿತು. 16-25 ಕಾರ್ಡ್ ಹಾಕಿ 3.65 ಪೌಂಡಿನ ಎನಿಟೈಮ್ ಟಿಕೆಟ್ ಕೊಂಡಿದ್ದ. ಹತ್ತು ಗಂಟೆಯೊಳಗಿನ ರೈಲು, ಕೊಡಬೇಕಾಗಿದ್ದದ್ದು 5.55. ಕಮ್ಮಿ ಬಿದ್ದದ್ದು 1.90 ಪೌಂಡ್. ಅಷ್ಟಕ್ಕೆ ಕೋರ್ಟಿಗೆ ಎಳೆಯುತ್ತೇವೆ ಅಂತ ಪತ್ರ ಬಂತು. ಜನ ಸಿಟ್ಟಾದ ಮೇಲೆ ಕೇಸು ಕೈಬಿಟ್ಟರು. ಸರ್ಕಾರ ಆಫೀಸ್ ಆಫ್ ರೈಲ್ ಅಂಡ್ ರೋಡ್ ಎಂಬ ನಿಯಂತ್ರಣ ಸಂಸ್ಥೆಯಿಂದ ಪರಿಶೀಲನೆ ಮಾಡಿಸಿತು. 2025ರ ಜೂನ್‌ನಲ್ಲಿ ಬಂದ ವರದಿ, ಟಿಕೆಟ್ ನಿಯಮಗಳು ಜನರಿಗೆ ಅರ್ಥವಾಗುವ ಹಾಗಿಲ್ಲ, ತಪ್ಪಿದವರನ್ನು ಎಲ್ಲ ಕಡೆ ಒಂದೇ ರೀತಿ ನಡೆಸಿಕೊಳ್ಳುತ್ತಲೂ ಇಲ್ಲ ಅಂತ ಹೇಳಿತು. ನನ್ನ ಕೇಳಿದರೆ, 'ಯಾವಾಗ ಬೇಕಾದರೂ' ಅಂತ ಬರೆದ ಟಿಕೆಟ್ ಮಾರಿ, ಆಮೇಲೆ ಯಾವಾಗ ಹೋದೆ ಅಂತ ಕೇಳುವುದು ನ್ಯಾಯವಲ್ಲ. ಆದರೆ ನಿಯಮ ಹಾಗಿರುವವರೆಗೆ ನಾವು ಎಚ್ಚರವಾಗಿರಬೇಕು.

ಹಂತ 5: ಟಿಕೆಟ್‌ನ ಕೋಡ್ ಓದಿ

ಆಫ್-ಪೀಕ್ ಟಿಕೆಟ್ ಕೊಳ್ಳುವಾಗ, ಮತ್ತು ಎಷ್ಟೋ ಟಿಕೆಟ್‌ಗಳ ಮೇಲೂ, ಎರಡು ಅಕ್ಷರ ಅಥವಾ ಅಂಕಿಯ ಒಂದು ರೆಸ್ಟ್ರಿಕ್ಷನ್ ಕೋಡ್ ಕಾಣುತ್ತದೆ. ನ್ಯಾಷನಲ್ ರೈಲ್ ಜಾಲತಾಣದಲ್ಲಿ ಆ ಕೋಡ್ ಹುಡುಕಿದರೆ ಯಾವ ಹೊತ್ತು ನಡೆಯುತ್ತದೆ, ಯಾವುದು ಇಲ್ಲ ಅಂತ ಪೂರ್ತಿ ಬರೆದಿರುತ್ತದೆ. ಓದಲು ಬೋರಾದರೂ ಎರಡು ನಿಮಿಷದ ಕೆಲಸ.

ಓದುವಾಗ ಮೂರು ವಿಷಯ ಗಮನಿಸಿ. ಹೊತ್ತು ಹೊರಡುವುದಕ್ಕೋ ತಲುಪುವುದಕ್ಕೋ? ಲಂಡನ್ ಕಡೆ ಹೋಗುವ ಎಷ್ಟೋ ಟಿಕೆಟ್‌ಗಳಲ್ಲಿ 'ಇಷ್ಟು ಗಂಟೆಯೊಳಗೆ ಲಂಡನ್ ತಲುಪುವ ರೈಲಿಗೆ ಹತ್ತುವಂತಿಲ್ಲ' ಅಂತ ಇರುತ್ತದೆ. ಹೋಗುವುದಕ್ಕೂ ಬರುವುದಕ್ಕೂ ನಿಯಮ ಒಂದೆಯೋ? ಹಲವು ಸಲ ಬೇರೆ. ಸಂಜೆ ಲಂಡನ್ ಬಿಡುವ ರೈಲುಗಳಿಗೆ ಕಟ್ಟು ಇದೆಯೋ? ಯೂಸ್ಟನ್, ಪ್ಯಾಡಿಂಗ್ಟನ್‌ನಂಥ ದೊಡ್ಡ ಸ್ಟೇಷನ್‌ಗಳಿಂದ ಸಂಜೆ ನಾಲ್ಕರಿಂದ ಏಳರ ಆಸುಪಾಸು ಹೊರಡುವ ಕೆಲವು ರೈಲುಗಳಿಗೆ ಆಫ್-ಪೀಕ್ ನಡೆಯುವುದಿಲ್ಲ. ಬೆಳಿಗ್ಗೆ ಎಚ್ಚರದಿಂದ ಬಂದವರೂ ವಾಪಸ್ ಹೋಗುವಾಗ ಇಲ್ಲಿ ಸಿಕ್ಕಿಬೀಳುತ್ತಾರೆ.

ಲೆಕ್ಕಕ್ಕೆ ಬರುವುದು ವೇಳಾಪಟ್ಟಿಯ ಸಮಯ. 9:20ರ ರೈಲು ತಡವಾಗಿ 9:35ಕ್ಕೆ ಹೊರಟರೂ ಅದು 9:20ರ ರೈಲೇ.

ಕೆಲವು ಕಡೆ ಆಫ್-ಪೀಕ್ ಎಂಬುದೇ ಇಲ್ಲವಾಗುತ್ತಿದೆ. ಸ್ಕಾಟ್ಲೆಂಡಿನ ರೈಲು ಸಂಸ್ಥೆ ಸ್ಕಾಟ್‌ರೈಲ್ 2025ರ ಸೆಪ್ಟೆಂಬರ್ 1ರಿಂದ ಪೀಕ್ ದರವನ್ನೇ ತೆಗೆದುಹಾಕಿತು. ಎಲ್‌ಎನ್‌ಇಆರ್ ಎಂಬ ರೈಲು ಸಂಸ್ಥೆ 2024ರ ಫೆಬ್ರುವರಿಯಲ್ಲಿ ಲಂಡನ್‌ನಿಂದ ನ್ಯೂಕ್ಯಾಸಲ್, ಎಡಿನ್‌ಬರಾ ಕಡೆಗೆ ಹಳೆಯ ಅಗ್ಗದ ಸಡಿಲ ಟಿಕೆಟ್ ನಿಲ್ಲಿಸಿ '70 ನಿಮಿಷ ಫ್ಲೆಕ್ಸ್' ಎಂಬುದನ್ನು ಪ್ರಯೋಗಕ್ಕೆ ತಂದಿತು. ಬುಕ್ ಮಾಡಿದ ರೈಲಿನ ಹಿಂದೆ ಮುಂದೆ 70 ನಿಮಿಷದೊಳಗಿನ ಅವರದ್ದೇ ರೈಲಿಗೆ ಮಾತ್ರ ಅದು ಆಗುತ್ತದೆ. ಹಾಗಾಗಿ ಮೊದಲು ಬಂದು ಹೋದವರು ಹೇಳಿದ ಬುದ್ಧಿಮಾತನ್ನು ಹಾಗೇ ನಂಬಬೇಡಿ.

ಹಂತ 6: ಲಂಡನ್ ಒಳಗೆ ಆಯ್ಸ್ಟರ್‌ಗೆ ಕಾರ್ಡ್ ಜೋಡಿಸಿ

16-25, 26-30, ಸೀನಿಯರ್ ಮತ್ತು ಅಂಗವೈಕಲ್ಯದ ಕಾರ್ಡ್‌ಗಳನ್ನು ಆಯ್ಸ್ಟರ್ ಎಂಬ ಲಂಡನ್ ಪ್ರಯಾಣದ ಸ್ಮಾರ್ಟ್ ಕಾರ್ಡಿಗೆ ಜೋಡಿಸಬಹುದು. ಟ್ಯೂಬ್ (ಲಂಡನ್ ಮೆಟ್ರೋ) ಸ್ಟೇಷನ್‌ನಲ್ಲಿ ಸಿಬ್ಬಂದಿಗೆ ಎರಡೂ ಕಾರ್ಡ್ ತೋರಿಸಿ ಕೇಳಿದರೆ ಮಷಿನ್‌ನಲ್ಲೇ ಮಾಡಿಕೊಡುತ್ತಾರೆ. ಅಲ್ಲಿಂದ ಆಫ್-ಪೀಕ್ ದರದಲ್ಲೂ ದಿನದ ಆಫ್-ಪೀಕ್ ಮಿತಿಯಲ್ಲೂ (ಒಂದು ದಿನದಲ್ಲಿ ಹೆಚ್ಚೆಂದರೆ ಕೊಡಬೇಕಾದ ಮೊತ್ತ) ಮೂರನೇ ಒಂದು ಭಾಗ ಕಡಿತ. ರೈಲ್‌ಕಾರ್ಡ್ ಹೊಸದು ಮಾಡಿಸಿದಾಗ ಇದನ್ನೂ ಮತ್ತೆ ಜೋಡಿಸಬೇಕು, ಮರೆಯಬೇಡಿ.

ಇಲ್ಲಿ ಸಂಜೆಯ ಲೆಕ್ಕ ಉಲ್ಟಾ. ಲಂಡನ್‌ನಲ್ಲಿ ಪೀಕ್ ಅಂದರೆ ವಾರದ ದಿನಗಳಲ್ಲಿ ಬೆಳಿಗ್ಗೆ 6:30ರಿಂದ 9:30, ಸಂಜೆ 4ರಿಂದ 7. ಆ ಎರಡೂ ಹೊತ್ತು ಈ ರಿಯಾಯಿತಿ ಇಲ್ಲ. ಒಂದು ಕಿಂಡಿ ಮಾತ್ರ ತೆರೆದಿದೆ: ಸಂಜೆ 4ರಿಂದ 7ರ ನಡುವೆ ಹೊರಗಿನ ಝೋನ್‌ನಿಂದ (ದರದ ವಲಯ) ಲಂಡನ್ ನಡುಭಾಗದ ಝೋನ್ 1ಕ್ಕೆ ಬರುವವರಿಗೆ ಆಫ್-ಪೀಕ್ ದರವೇ.

ಬ್ಯಾಂಕ್ ಕಾರ್ಡನ್ನೋ ಫೋನನ್ನೋ ಗೇಟಿಗೆ ತಾಗಿಸಿ ಹೋದರೆ ರೈಲ್‌ಕಾರ್ಡ್ ಇರುವುದು ಗೇಟಿಗೆ ಗೊತ್ತಾಗುವುದಿಲ್ಲ, ಪೂರ್ತಿ ದರ ಹೋಗುತ್ತದೆ. ಲಂಡನ್ ಸುತ್ತಲಿನ ಸ್ಟೇಷನ್‌ಗಳಲ್ಲೂ ಈಗ ಹೀಗೆ ತಾಗಿಸುವ ಸೌಕರ್ಯ ಹೆಚ್ಚುತ್ತಿದೆ. ಕಾರ್ಡ್ ಇರುವವರು ಆ ಸುಲಭಕ್ಕೆ ಮರುಳಾಗದೆ ಟಿಕೆಟ್ ಕೊಳ್ಳುವುದೇ ವಾಸಿ.

ಊರಿನಿಂದ ಅಪ್ಪ ಅಮ್ಮ ಬಂದರೆ

ರೈಲ್‌ಕಾರ್ಡ್ ಕೊಳ್ಳಲು ಬ್ರಿಟನ್ನಿನ ನಿವಾಸಿಯಾಗಿರಬೇಕಿಲ್ಲ. ಪಾಸ್‌ಪೋರ್ಟ್ ಸಾಕು. ಭಾರತದಲ್ಲಿ ಹಿರಿಯ ನಾಗರಿಕರ ರೈಲು ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು. ಇಲ್ಲಿ ಪ್ರವಾಸಕ್ಕೆ ಬಂದವರಿಗೂ ಸಿಗುತ್ತದೆ. ಅಪ್ಪ ಅಮ್ಮ ಇಬ್ಬರೂ 60 ದಾಟಿ ಯಾವಾಗಲೂ ಜೊತೆಗೇ ಓಡಾಡುವುದಾದರೆ ಎರಡು ಸೀನಿಯರ್ ಕಾರ್ಡಿಗೆ 70 ಪೌಂಡ್ ಕೊಡುವ ಬದಲು ಒಂದು ಟೂ ಟುಗೆದರ್‌ಗೆ 35 ಕೊಟ್ಟರೆ ಸಾಕು. ಬೆಳಿಗ್ಗೆ ತಿಂಡಿ ಮುಗಿಸಿ ಹತ್ತರ ಮೇಲೆ ಹೊರಡುವವರಿಗೆ 9:30ರ ಕಟ್ಟು ಅಡ್ಡಿಯೇ ಅಲ್ಲ. ಆದರೆ ಆಯ್ಸ್ಟರ್‌ಗೆ ಅದನ್ನು ಜೋಡಿಸಲು ಆಗುವುದಿಲ್ಲ.

ತಪ್ಪಿ ಹತ್ತಿಬಿಟ್ಟರೆ

ಆಫ್-ಪೀಕ್ ಟಿಕೆಟ್ ಹಿಡಿದು ಪೀಕ್ ರೈಲಿಗೆ ಹತ್ತಿದ್ದರೆ, ನಿಯಮದ ಪ್ರಕಾರ ಕೊಡಬೇಕಾದ್ದು ಆ ರೈಲಿಗೆ ನಡೆಯುವ ಅತಿ ಅಗ್ಗದ ಟಿಕೆಟ್‌ಗೂ ನೀವು ಕೊಟ್ಟದ್ದಕ್ಕೂ ಇರುವ ವ್ಯತ್ಯಾಸ. ಟಿಕೆಟ್ಟೇ ಇಲ್ಲದವರಿಗೆ ಇಂಗ್ಲೆಂಡಿನಲ್ಲಿ 2023ರ ಜನವರಿಯಿಂದ ದಂಡ 100 ಪೌಂಡ್ ಮತ್ತು ಪ್ರಯಾಣದ ದರ. 21 ದಿನದೊಳಗೆ ಕಟ್ಟಿದರೆ 50. ನಿಮ್ಮ ವಿಷಯ ಅದಲ್ಲ ಅಂತ ಸಮಾಧಾನವಾಗಿ ಹೇಳಿ, ವ್ಯತ್ಯಾಸ ಕೊಡುತ್ತೇನೆ ಅನ್ನಿ. ರೈಲು ಹತ್ತುವ ಮುಂಚೆಯೇ ಗೊತ್ತಾದರೆ ಇನ್ನೂ ಒಳ್ಳೆಯದು: ಟಿಕೆಟ್ ಕೌಂಟರ್‌ನಲ್ಲಿ ವ್ಯತ್ಯಾಸ ಕಟ್ಟಿಯೇ ಹೊರಡಿ.

ರೈಲ್‌ಕಾರ್ಡ್ ತೋರಿಸಲು ಆಗದಿದ್ದರೆ ರಿಯಾಯಿತಿ ಟಿಕೆಟ್‌ಗೆ ಬೆಲೆಯಿಲ್ಲ. ಫೋನಿನ ಚಾರ್ಜ್ ಮುಗಿದಿತ್ತು ಎಂಬುದು ಕಾರಣವಾಗುವುದಿಲ್ಲ. ಡಿಜಿಟಲ್ ಕಾರ್ಡನ್ನು ಎರಡು ಸಾಧನಗಳಲ್ಲಿ ಹಾಕಿಕೊಳ್ಳಬಹುದು, ಹಾಕಿಕೊಳ್ಳಿ. ನಿಜವಾಗಿಯೂ ಮರೆತುಬಂದು ಹೆಚ್ಚಿಗೆ ಕೊಡಬೇಕಾಗಿ ಬಂದರೆ ರಸೀದಿ ಎತ್ತಿಡಿ. ಕಾರ್ಡಿನ ಪ್ರತಿ ಲಗತ್ತಿಸಿ 28 ದಿನದೊಳಗೆ ಅರ್ಜಿ ಹಾಕಿದರೆ ಆ ದುಡ್ಡು ವಾಪಸ್ ಸಿಗುತ್ತದೆ. ಹನ್ನೆರಡು ತಿಂಗಳಲ್ಲಿ ಒಂದು ಸಲ ಮಾತ್ರ.